ಕಂಪ್ಯೂಟರ್ ಪದವಿಯ ಮೊದಲ ವರ್ಷ: ತಲೆಗೆ ಹತ್ತುವುದಿಲ್ಲ ಎನ್ನುವ ಮುನ್ನ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಮುಂಬಯಿ, ಠಾಣೆ, ನವಿಮುಂಬಯಿ ಪರಿಸರದ ನಮ್ಮವರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗನನ್ನು ಅಥವಾ ಮಗಳನ್ನು ಕಂಪ್ಯೂಟರಿಗೆ ಸೇರಿಸುವುದೋ ಬೇಡವೋ? ಸಂಘದ ಸಭೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ವಿರಾರ್ ಲೋಕಲಿನ ಬಾಗಿಲ ಬಳಿ ನಿಂತಿರುವಾಗಲೂ ಅದೇ ಮಾತು. ಬಿಇ ಕಂಪ್ಯೂಟರ್, ಬಿಎಸ್ಸಿ ಕಂಪ್ಯೂಟರ್ ಸೈನ್ಸ್, ಬಿಎಸ್ಸಿ ಐಟಿ, ಬಿಸಿಎ ಎಂಬ ನಾಲ್ಕು ಹೆಸರುಗಳ ನಡುವೆ ಪಾಲಕರು ಗೊಂದಲಕ್ಕೀಡಾಗುತ್ತಾರೆ. ಶುಲ್ಕ ಎಷ್ಟು, ಕಾಲೇಜು ಮನೆಯಿಂದ ಎಷ್ಟು ದೂರ, ಕ್ಯಾಂಪಸ್ ನೇಮಕಾತಿ ಇದೆಯೇ ಎಂದು ವಿಚಾರಿಸುವವರು ಬಹಳ. ಆದರೆ ಸೇರಿದ ಮೇಲೆ ಮೊದಲ ಆರು ತಿಂಗಳಲ್ಲಿ ಆ ಮಗು ಏನು ಕಲಿಯುತ್ತದೆ, ಎಲ್ಲಿ ಎಡವುತ್ತದೆ ಎಂದು ಕೇಳುವವರು ವಿರಳ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಡೊಂಬಿವಲಿಯದ್ದೋ ನಾಲಾಸೋಪಾರದ್ದೋ ಆಗಿರಬಹುದು. ತಂದೆ ಮೂವತ್ತು ವರ್ಷ ಹೋಟೆಲಿನ ಕೌಂಟರಿನಲ್ಲಿ ದುಡಿದವರು. ಕ್ರೆಡಿಟ್ ಸೊಸೈಟಿಯಿಂದ ಸಾಲ ತೆಗೆದು ಮಗನನ್ನು ಕಾಲೇಜಿಗೆ ಸೇರಿಸಿದ್ದಾರೆ. ಕಂತಿನಲ್ಲಿ ಲ್ಯಾಪ್‌ಟಾಪ್ ಬಂದಿದೆ. ಮಗ ಶಾಲೆಯಲ್ಲಿ ಜಾಣನೇ. ದೀಪಾವಳಿ ಕಳೆದು ಪರೀಕ್ಷೆ ಮುಗಿದು ಹೊಸ ವರ್ಷದಲ್ಲಿ ಫಲಿತಾಂಶ ಬಂದಾಗ ಉಳಿದ ವಿಷಯಗಳೆಲ್ಲ ಪಾಸು, ಪ್ರೋಗ್ರಾಮಿಂಗಿನಲ್ಲಿ ಮಾತ್ರ ಕೆಟಿ. ಕೆಲವು ದಿನ ಆತ ಮನೆಯಲ್ಲಿ ಹೇಳುವುದೇ ಇಲ್ಲ. ಕೊನೆಗೆ ಹೇಳುವ ಮಾತು, ‘ಅಪ್ಪಾ, ಇದು ನನ್ನ ತಲೆಗೆ ಹತ್ತುವುದಿಲ್ಲ’. ಕಂಪ್ಯೂಟರಿನ ಗಂಧಗಾಳಿ ಇಲ್ಲದ ತಂದೆ ಅದನ್ನು ನಂಬಿ, ‘ಹಾಗಾದರೆ ಬಿಟ್ಟುಬಿಡು ಮಗಾ, ಬೇರೆ ಏನಾದರೂ ನೋಡುವ’ ಎನ್ನುತ್ತಾರೆ. ಒಂದು ವರ್ಷವೂ ಹೋಯಿತು, ಸಾಲದ ಹಣವೂ ಹೋಯಿತು.

ಆ ‘ತಲೆಗೆ ಹತ್ತುವುದಿಲ್ಲ’ ಎಂಬ ಮಾತಿನ ಬಗ್ಗೆಯೇ ಈ ಬರಹ. ಹೆಚ್ಚಿನ ಸಂದರ್ಭಗಳಲ್ಲಿ ಅದು ನಿಜವಲ್ಲ. ಹಿಂದೆಂದೂ ಕಾಣದ ಸಂಗತಿಯನ್ನು ಮೊದಲ ಬಾರಿ ಕಂಡಾಗ ಆಗುವ ತಬ್ಬಿಬ್ಬನ್ನು ಮಕ್ಕಳೂ ಪಾಲಕರೂ ಕೆಲವೊಮ್ಮೆ ಅಧ್ಯಾಪಕರೂ ದಡ್ಡತನವೆಂದು ತಿಳಿದುಬಿಡುತ್ತಾರೆ.

ಈ ನಗರಕ್ಕೆ ಹೊಸ ವಿದ್ಯೆಯೇನಲ್ಲ

ದೇಶದಲ್ಲೇ ತಯಾರಾದ ಮೊದಲ ಕಂಪ್ಯೂಟರುಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಕೊಲಾಬಾದಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡ ಕಟ್ಟಿದ ಆ ಯಂತ್ರ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದಕ್ಕೆ ‘ಟಿಫ್ರಾಕ್’ ಎಂದು ಹೆಸರಿಟ್ಟರು. ಅದರ ಸ್ಮರಣಶಕ್ತಿ 40 ಬಿಟ್‌ನ 2,048 ಪದಗಳಷ್ಟೇ. ಇಂದು ಮಕ್ಕಳ ಕೈಯಲ್ಲಿರುವ ಅತಿ ಅಗ್ಗದ ಮೊಬೈಲಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಯಂತ್ರಕ್ಕೆ ಒಂದೊಂದೇ ಹೆಜ್ಜೆಯಾಗಿ, ಎಲ್ಲಿಯೂ ಸಂದೇಹಕ್ಕೆ ಎಡೆಯಿಲ್ಲದಂತೆ ಕೆಲಸ ಹೇಳಬೇಕೆಂಬ ಮೂಲ ಸಂಗತಿ ಅಂದೂ ಅದೇ, ಇಂದೂ ಅದೇ.

ಕಾಲೇಜು ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸುವ ಪರಿಪಾಠ ಬೆಳೆಯುವುದರಲ್ಲಿ ಐಐಟಿ ಕಾನ್ಪುರದ ಪಾತ್ರ ದೊಡ್ಡದು. 1963ರಲ್ಲಿ ಅಲ್ಲಿಗೆ ಐಬಿಎಂ 1620 ಯಂತ್ರ ಬಂತು. ಅಲ್ಲಿ ಪಾಠ ಹೇಳುತ್ತಿದ್ದ ಪ್ರೊ. ವಿ. ರಾಜಾರಾಮನ್ ಅವರ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ 1969ರಲ್ಲಿ ಹೊರಬಂತು. ಮುಂದೆ ಫೋರ್ಟ್ರಾನ್, ಸಿ ಮೊದಲಾದ ಭಾಷೆಗಳ ಬಗ್ಗೆ ಅವರು ಬರೆದ ಪುಸ್ತಕಗಳಿಂದಲೇ ದೇಶದ ಹಲವು ತಲೆಮಾರಿನ ವಿದ್ಯಾರ್ಥಿಗಳು ಮೊದಲ ಪಾಠ ಕಲಿತರು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆಗಿನ ವಿದ್ಯಾರ್ಥಿ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ದಿನ ವ್ಯರ್ಥ. ಹಾಗಾಗಿ ಕಾಗದದ ಮೇಲೆ ಹತ್ತು ಸಲ ಪರಿಶೀಲಿಸಿ ಕೊಡುತ್ತಿದ್ದರು. ಈಗ ಕ್ಷಣದಲ್ಲಿ ಉತ್ತರ ಬರುವುದರಿಂದ ಆ ತಾಳ್ಮೆ ಹೋಗಿದೆ ಎನ್ನುವ ಹಿರಿಯ ಅಧ್ಯಾಪಕರ ದೂರಿನಲ್ಲಿ ಹುರುಳಿಲ್ಲದಿಲ್ಲ.

ಇಂದು ಪೊವಾಯಿಯ ಐಐಟಿಯಲ್ಲಿ ಮೊದಲ ವರ್ಷದ ಎಲ್ಲ ವಿದ್ಯಾರ್ಥಿಗಳೂ, ಲೋಹಶಾಸ್ತ್ರ ಓದುವವರೂ ಸಿವಿಲ್ ಓದುವವರೂ, ‘ಸಿಎಸ್ 101’ ಎಂಬ ಪ್ರೋಗ್ರಾಮಿಂಗ್ ಪಾಠವನ್ನು ಮುಗಿಸಲೇಬೇಕು. ಅಲ್ಲಿ ಇದನ್ನು ಬೋಧಿಸಿದ ಪ್ರೊ. ಅಭಿರಾಮ್ ರಾನಡೆ ಅವರು ಪರದೆಯ ಮೇಲೆ ಒಂದು ಆಮೆಯನ್ನು ನಡೆಸಿ ಚೌಕ, ಷಟ್ಕೋನ ಬಿಡಿಸುವುದರಿಂದ ಪಾಠ ಆರಂಭಿಸುವ ಕ್ರಮವನ್ನು ರೂಪಿಸಿದರು. ‘ನಾಲ್ಕು ಬಾರಿ ಮುಂದೆ ಹೋಗು, 90 ಡಿಗ್ರಿ ತಿರುಗು’ ಎಂದರೆ ಚೌಕವಾಯಿತು. ಪುನರಾವರ್ತನೆ ಎಂದರೇನು ಎಂಬುದು ಕಣ್ಣಿಗೇ ಕಾಣಿಸುತ್ತದೆ. ಅವರ ಈ ಪಾಠಗಳು ಎನ್‌ಪಿಟಿಇಎಲ್ ಮೂಲಕ ಉಚಿತವಾಗಿ ನೋಡಸಿಗುತ್ತವೆ. ಮುಂಬಯಿ ವಿಶ್ವವಿದ್ಯಾಲಯದ ಇಂಜಿನಿಯರಿಂಗಿನಲ್ಲೂ ಮೊದಲ ವರ್ಷ ಎಲ್ಲ ಶಾಖೆಗಳಿಗೆ ಈ ವಿಷಯ ಸಮಾನವಾಗಿತ್ತು. 2012ರ ಪಠ್ಯಕ್ರಮದಲ್ಲಿ ಅದರ ಹೆಸರು ‘ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಅಪ್ರೋಚ್’, 2019ರದ್ದರಲ್ಲಿ ನೇರವಾಗಿ ‘ಸಿ ಪ್ರೋಗ್ರಾಮಿಂಗ್’. ಬಿಎಸ್ಸಿ, ಬಿಸಿಎಗಳಲ್ಲಿ ಸಿ ಅಥವಾ ಪೈಥಾನ್ ಭಾಷೆಯಿಂದ ಆರಂಭ. ಯಾವ ಭಾಷೆ ಎಂಬುದರ ಬಗ್ಗೆ ಪಾಲಕರು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಂದನ್ನು ಸರಿಯಾಗಿ ಕಲಿತವನಿಗೆ ಎರಡನೆಯದು ಕೆಲವು ವಾರಗಳ ಕೆಲಸ.

ಎಡವುವುದು ಎಲ್ಲಿ?

ಮಕ್ಕಳು ಎಡವುವ ಕಲ್ಲುಗಳು ಎಲ್ಲ ಊರಿನಲ್ಲೂ ಒಂದೇ. ಮೊದಲನೆಯದು ಸಮ ಚಿಹ್ನೆ. ‘ಎ = ಎ + 1’ ಎಂದು ಅಧ್ಯಾಪಕರು ಹಲಗೆಯ ಮೇಲೆ ಬರೆದಾಗ, ವರ್ಷಗಟ್ಟಲೆ ಬೀಜಗಣಿತ ಕಲಿತ ಮಗು ಬೆಚ್ಚುತ್ತದೆ. ಒಂದು ಸಂಖ್ಯೆ ತನಗಿಂತ ಒಂದು ಹೆಚ್ಚಿನ ಸಂಖ್ಯೆಗೆ ಸಮನಾಗುವುದು ಹೇಗೆ? ಗಣಿತದಲ್ಲಿ ಅದು ಸುಳ್ಳು. ಇಲ್ಲಿ ಅದು ಹೇಳಿಕೆಯೇ ಅಲ್ಲ, ಅಪ್ಪಣೆ. ‘ಎ’ ಎಂಬ ಡಬ್ಬದಲ್ಲಿರುವುದನ್ನು ತೆಗೆದುಕೋ, ಒಂದು ಸೇರಿಸು, ಬಂದದ್ದನ್ನು ಅದೇ ಡಬ್ಬಕ್ಕೆ ಹಾಕು ಎಂದರ್ಥ. ಈ ಒಂದು ಮಾತನ್ನು ಯಾರಾದರೂ ಬಿಡಿಸಿ ಹೇಳಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ಗೊಂದಲ. ಹೇಳದಿದ್ದರೆ ಇಡೀ ಸೆಮಿಸ್ಟರ್ ಕಾಡುತ್ತದೆ.

ಇದರ ಬೆನ್ನಿಗೇ ಬರುವ ಲೆಕ್ಕ, ಎರಡು ಡಬ್ಬಗಳಲ್ಲಿರುವುದನ್ನು ಅದಲುಬದಲು ಮಾಡುವುದು. ‘ಎ’ಯನ್ನು ‘ಬಿ’ಗೆ ಹಾಕಿ ‘ಬಿ’ಯನ್ನು ‘ಎ’ಗೆ ಹಾಕಿದರೆ ಆಯಿತೆಂದು ತರಗತಿಯ ಅರ್ಧ ಮಕ್ಕಳು ಬರೆಯುತ್ತಾರೆ. ಎರಡರಲ್ಲೂ ಒಂದೇ ಬೆಲೆ ಕುಳಿತಿರುತ್ತದೆ. ಒಂದು ಲೋಟದಲ್ಲಿ ಚಹಾ, ಇನ್ನೊಂದರಲ್ಲಿ ಕಾಫಿ ಇದ್ದರೆ ಅದಲುಬದಲು ಮಾಡಲು ಮೂರನೆಯ ಖಾಲಿ ಲೋಟ ಬೇಕು ಎಂಬುದು ನಮ್ಮ ಹೋಟೆಲಿನ ಯಾವ ಹುಡುಗನಿಗೂ ಗೊತ್ತು. ಪುಸ್ತಕದಲ್ಲಿ ಮೂರನೆಯ ಆ ಲೋಟಕ್ಕೆ ‘ಟೆಂಪ್’ ಎಂದು ಹೆಸರು.

ಎರಡನೆಯ ಕಲ್ಲು ಭಾಗಾಕಾರ. 125 ರೂಪಾಯಿಯ ಬಿಲ್ಲನ್ನು ಇಬ್ಬರಿಗೆ ಹಂಚು ಎಂದು ಸಿ ಭಾಷೆಯಲ್ಲಿ ಪೂರ್ಣಾಂಕಗಳನ್ನಿಟ್ಟು ಬರೆದರೆ ಬರುವ ಉತ್ತರ 62. ಉಳಿದ ಐವತ್ತು ಪೈಸೆ ಮಾಯ. ಯಂತ್ರ ಕೆಟ್ಟಿಲ್ಲ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರಬೇಕೆಂಬುದು ಆ ಭಾಷೆಯ ನಿಯಮ. ಪೈಥಾನಿನ ಈಗಿನ ಆವೃತ್ತಿಯಲ್ಲಾದರೆ 62.5 ಎಂದೇ ಬರುತ್ತದೆ. ಎಲ್ಲಿಯೂ ತಪ್ಪೆಂದು ತೋರಿಸದೆ, ನಗುನಗುತ್ತಾ ತಪ್ಪು ಉತ್ತರ ಕೊಡುವ ಇಂತಹ ಸ್ಥಿತಿ ಮಕ್ಕಳಿಗೆ ಹೊಸದು. ಶಾಲೆಯಲ್ಲಿ ತಪ್ಪನ್ನು ಟೀಚರ್ ಕೆಂಪು ಶಾಯಿಯಲ್ಲಿ ಗುರುತಿಸುತ್ತಿದ್ದರು. ಇಲ್ಲಿ ತನ್ನ ತಪ್ಪನ್ನು ತಾನೇ ಹುಡುಕಬೇಕು.

ಮೂರನೆಯದು ಎಣಿಕೆಯಲ್ಲಿ ಒಂದು ಹೆಚ್ಚು, ಒಂದು ಕಡಿಮೆ. ಚರ್ಚ್‌ಗೇಟಿನಿಂದ ಮುಂಬಯಿ ಸೆಂಟ್ರಲ್ ತನಕ ಸ್ಲೋ ಗಾಡಿಯಲ್ಲಿ ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿರೋಡ್, ಗ್ರಾಂಟ್‌ರೋಡ್, ಮುಂಬಯಿ ಸೆಂಟ್ರಲ್ ಎಂದು ಐದು ನಿಲ್ದಾಣಗಳು. ಆದರೆ ಗಾಡಿ ಓಡುವುದು ನಾಲ್ಕೇ ಸಲ. ‘ಲೂಪ್’ ಐದು ಬಾರಿ ಸುತ್ತಬೇಕೋ ನಾಲ್ಕು ಬಾರಿಯೋ ಎಂಬಲ್ಲಿ ಎಡವದ ಪ್ರೋಗ್ರಾಮರ್ ಇಲ್ಲ. ಇಪ್ಪತ್ತು ವರ್ಷ ದುಡಿದವರೂ ಎಡವುತ್ತಾರೆ. ವ್ಯತ್ಯಾಸವೆಂದರೆ, ಅವರು ಅದಕ್ಕೆ ಬೇಸರಪಡುವುದಿಲ್ಲ. ಹೊಸಬ ಬೇಸರಪಡುತ್ತಾನೆ.

ವಾಕ್ಯದ ಕೊನೆಯ ಅರ್ಧವಿರಾಮ ಬಿಟ್ಟುಹೋದರೆ ಕಂಪೈಲರ್ ಅನೇಕ ವೇಳೆ ಅದರ ಮುಂದಿನ ಸಾಲಿನಲ್ಲಿ ತಪ್ಪಿದೆಯೆನ್ನುತ್ತದೆ. ಮಗು ಸರಿಯಾಗಿರುವ ಸಾಲನ್ನೇ ದಿಟ್ಟಿಸುತ್ತಾ ಕೂರುತ್ತದೆ. ಇದನ್ನು ಒಂದು ಬಾರಿ ಹೇಳಿಕೊಡಲು ಪಕ್ಕದಲ್ಲೊಬ್ಬ ಇದ್ದರೆ ಸಾಕು. ಮನೆಯಲ್ಲಿ ಅಣ್ಣನೋ ಅಕ್ಕನೋ ಇಂಜಿನಿಯರ್ ಆಗಿರುವ ಮಕ್ಕಳಿಗೂ, ಕುಟುಂಬದಲ್ಲಿ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಿಗೂ ಇರುವ ಅಂತರ ಬಹುತೇಕ ಇಷ್ಟೇ.

ಒಂಟೆಯ ಎರಡು ಡುಬ್ಬ

ಪ್ರೋಗ್ರಾಮಿಂಗ್ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಎಷ್ಟು ಕಲಿಸಿದರೂ ಬರುವುದಿಲ್ಲ ಎಂಬ ಮಾತು ಅಧ್ಯಾಪಕರ ವಲಯದಲ್ಲೂ ಬಲವಾಗಿಯೇ ಇದೆ. ಅದಕ್ಕೆ ‘ಪುರಾವೆ’ಯೂ ಸಿಕ್ಕಿತೆಂದು ಒಂದು ಕಾಲದಲ್ಲಿ ದೊಡ್ಡ ಸುದ್ದಿಯಾಗಿತ್ತು. ಲಂಡನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹನಾದಿ ಮತ್ತು ರಿಚರ್ಡ್ ಬೊರ್ನಾಟ್ 2006ರಲ್ಲಿ ಒಂದು ಕರಡು ಪ್ರಬಂಧವನ್ನು ಹರಿಯಬಿಟ್ಟರು. ಪಾಠ ಆರಂಭಿಸುವ ಮೊದಲೇ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದ ಡಬ್ಬದ ಲೆಕ್ಕದಂತಹ ಪ್ರಶ್ನೆಗಳನ್ನು ಕೊಟ್ಟು, ಯಾರು ಪಾಸಾಗುತ್ತಾರೆ ಯಾರು ಆಗುವುದಿಲ್ಲವೆಂದು ಹೇಳಿಬಿಡಬಹುದು ಎಂಬುದು ಅವರ ವಾದ. ಅಂಕಗಳ ನಕ್ಷೆ ಒಂಟೆಯ ಬೆನ್ನಿನಂತೆ ಎರಡು ಡುಬ್ಬಗಳಾಗುತ್ತದೆ, ಬರುವವರು ಒಂದು ಕಡೆ, ಬಾರದವರು ಇನ್ನೊಂದು ಕಡೆ ಎಂದರು. ಈ ಪ್ರಬಂಧ ಜಗತ್ತಿನಾದ್ಯಂತ ಹಬ್ಬಿತು. ಆದರೆ 2014ರಲ್ಲಿ ಬೊರ್ನಾಟ್ ಅವರೇ ಆ ಹೇಳಿಕೆಯನ್ನು ಹಿಂಪಡೆದರು. ಅಂತಹ ಜನ್ಮಜಾತ ಪರೀಕ್ಷೆಯೊಂದು ತಮಗೆ ಸಿಕ್ಕಿಲ್ಲವೆಂದು ಒಪ್ಪಿಕೊಂಡರು. ಹಿಂಪಡೆದ ಸುದ್ದಿ ಮಾತ್ರ ಮೊದಲ ಸುದ್ದಿಯಷ್ಟು ದೂರ ಹೋಗಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಹಾರ್ವೆ ಮಡ್ ಕಾಲೇಜಿನ ಅನುಭವ ಇದಕ್ಕಿಂತ ಉಪಯುಕ್ತ. ಅಲ್ಲಿ ಮೊದಲ ತರಗತಿಯಲ್ಲಿ ಶಾಲೆಯಲ್ಲೇ ಪ್ರೋಗ್ರಾಮಿಂಗ್ ಕಲಿತು ಬಂದ ಹುಡುಗರು ಕೈಯೆತ್ತಿ ದೊಡ್ಡ ದೊಡ್ಡ ಪ್ರಶ್ನೆ ಕೇಳುತ್ತಿದ್ದರು. ಉಳಿದವರು, ವಿಶೇಷವಾಗಿ ಹುಡುಗಿಯರು, ತಮಗೇ ಏನೂ ತಿಳಿಯುತ್ತಿಲ್ಲವೆಂದು ಹಿಂದೆ ಸರಿಯುತ್ತಿದ್ದರು. 2006ರ ಸುಮಾರಿಗೆ ಕಾಲೇಜು ಮೊದಲೇ ಕಲಿತವರಿಗೂ ಹೊಸಬರಿಗೂ ಪ್ರತ್ಯೇಕ ವಿಭಾಗ ಮಾಡಿ, ಭಾಷೆಯನ್ನು ಪೈಥಾನಿಗೆ ಬದಲಿಸಿ, ನಿತ್ಯಜೀವನದ ಸಮಸ್ಯೆಗಳಿಂದ ಪಾಠ ಆರಂಭಿಸಿತು. ಕಂಪ್ಯೂಟರ್ ಸೈನ್ಸ್ ಆಯ್ದುಕೊಳ್ಳುವವರಲ್ಲಿ ಹೆಣ್ಣುಮಕ್ಕಳ ಪ್ರಮಾಣ ಸುಮಾರು ಐದು ವರ್ಷಗಳಲ್ಲಿ 10 ಪ್ರತಿಶತದ ಆಸುಪಾಸಿನಿಂದ 40 ಪ್ರತಿಶತದ ಆಸುಪಾಸಿಗೆ ಏರಿತು. ಅಷ್ಟರಲ್ಲಿ ಹೆಣ್ಣುಮಕ್ಕಳ ಬುದ್ಧಿಯೇನೂ ಬದಲಾಗಿರಲಿಲ್ಲ. ಪಕ್ಕದಲ್ಲಿ ಕುಳಿತವರು ಬದಲಾಗಿದ್ದರು, ಪಾಠದ ಕ್ರಮ ಬದಲಾಗಿತ್ತು.

ಹಾಗೆಂದು ಈ ವಿಷಯ ಸುಲಭವೆಂದು ಹೇಳಿ ಯಾರನ್ನೂ ಮೋಸಗೊಳಿಸಬಾರದು. ಡೆನ್ಮಾರ್ಕಿನ ಬೆನೆಡ್ಸೆನ್ ಮತ್ತು ಕ್ಯಾಸ್ಪರ್ಸನ್ ಎಂಬ ಅಧ್ಯಾಪಕರು ಹಲವು ದೇಶಗಳ ವಿಶ್ವವಿದ್ಯಾಲಯಗಳಿಂದ ಅಂಕಿಅಂಶ ತರಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಮೊದಲ ಪ್ರೋಗ್ರಾಮಿಂಗ್ ಪಾಠದಲ್ಲಿ ಸರಾಸರಿ 33 ಪ್ರತಿಶತ ವಿದ್ಯಾರ್ಥಿಗಳು ತೇರ್ಗಡೆಯಾಗಿರಲಿಲ್ಲ. ಅವರೇ 2019ರಲ್ಲಿ ಮತ್ತೆ ನೋಡಿದಾಗ ಅದು 28 ಪ್ರತಿಶತ. ಇದು ಗಾಬರಿಪಡುವ ಸಂಖ್ಯೆಯಲ್ಲ ಎಂಬುದು ಅವರ ಅಭಿಪ್ರಾಯ. ನಾಲ್ವರಲ್ಲಿ ಒಬ್ಬ ಎಡವುತ್ತಾನೆ ಎಂಬುದು ನಮ್ಮ ಮನೆಯ ಕೆಟಿಯನ್ನು ಬೇರೆ ಕಣ್ಣಿನಿಂದ ನೋಡಲು ಸಾಕಾದೀತು.

ಜರ್ನಲ್ ಎಂಬ ರೋಗ

ನಮ್ಮ ನಗರದ ಕಾಲೇಜುಗಳಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಇದೆ. ಪ್ರಾಕ್ಟಿಕಲ್ ಜರ್ನಲ್. ಪ್ರತಿಯೊಂದು ಪ್ರಯೋಗದ ಗುರಿ, ವಿಧಾನ, ಪ್ರೋಗ್ರಾಮ್, ಉತ್ತರ ಎಲ್ಲವನ್ನೂ ಬರೆದು ಸಹಿ ಹಾಕಿಸಿಕೊಳ್ಳಬೇಕು. ಸಬ್ಮಿಶನ್ ವಾರದಲ್ಲಿ ಒಬ್ಬ ಜಾಣನ ಜರ್ನಲ್ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ರಾತ್ರಿಯೆಲ್ಲ ಕುಳಿತು ನಕಲು ಮಾಡುವುದನ್ನು ನೋಡಿ ತಾಯಿ ‘ಪಾಪ, ಎಷ್ಟು ಓದುತ್ತಾನೆ’ ಎಂದು ಚಹಾ ಮಾಡಿಕೊಡುತ್ತಾಳೆ. ಜರ್ನಲ್ ಪೂರ್ಣ, ಸಹಿ ಪೂರ್ಣ, ಅಂಕವೂ ಬಂತು. ಒಂದೇ ಒಂದು ಪ್ರೋಗ್ರಾಮನ್ನೂ ತಾನಾಗಿ ನಡೆಸಿ ನೋಡಿಲ್ಲ. ಈಜುವುದನ್ನು ಅಂದವಾಗಿ ಬರೆದುಕೊಂಡರೆ ಜುಹುವಿನ ಸಮುದ್ರಕ್ಕೆ ಇಳಿಯಲಾದೀತೇ?

ಈಗ ಜೆರಾಕ್ಸ್ ಅಂಗಡಿಯ ಕೆಲಸವನ್ನೂ ಮೊಬೈಲೇ ಮಾಡುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮೊದಲ ವರ್ಷದ ಯಾವ ಪ್ರಯೋಗಕ್ಕೂ ಉತ್ತರ ಕ್ಷಣಾರ್ಧದಲ್ಲಿ ಸಿಗುತ್ತದೆ. ಹಾಗಿದ್ದರೆ ಇದನ್ನು ಕಲಿಯುವುದೇಕೆ ಎಂದು ಪಾಲಕರೂ ಕೇಳತೊಡಗಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕ್ಯಾಲ್ಕುಲೇಟರ್ ಬಂದ ಮೇಲೂ ಕೌಂಟರಿನಲ್ಲಿ ಕೂರುವವನಿಗೆ ಬಿಲ್ಲು 450 ಆಗಬೇಕಾದಲ್ಲಿ 4,500 ಬಂದರೆ ತಟ್ಟನೆ ಕಣ್ಣು ನಿಲ್ಲಬೇಕು. ಯಂತ್ರ ಬರೆದುಕೊಟ್ಟ ಪ್ರೋಗ್ರಾಮ್ ಸರಿಯೋ ತಪ್ಪೋ ಎಂದು ಹೇಳಬಲ್ಲವನಿಗೆ ಮಾತ್ರ ಆ ಯಂತ್ರದಿಂದ ಉಪಯೋಗ. ಆ ಬಲ ಬರುವುದು ನೂರಾರು ಚಿಕ್ಕ ತಪ್ಪುಗಳನ್ನು ಸ್ವತಃ ಮಾಡಿ ಸ್ವತಃ ತಿದ್ದಿದ ಮೇಲೆಯೇ. ಬರೆಯಲು ಬಿಡದೆ, ಬರೆದದ್ದರಲ್ಲಿ ಎಲ್ಲಿ ತಪ್ಪಿದೆಯೆಂದು ಕೇಳುವುದಕ್ಕೆ ಈ ಸಾಧನವನ್ನು ಬಳಸಿದರೆ, ಮನೆಯಲ್ಲಿ ಅಣ್ಣನಿಲ್ಲದವನಿಗೆ ಅದೇ ಅಣ್ಣನಾಗಲೂಬಹುದು. ಆದರೆ ಹದಿನೆಂಟರ ಹುಡುಗನಿಗೆ, ನಾಳೆಯೇ ಸಬ್ಮಿಶನ್ ಇರುವಾಗ, ಅಷ್ಟು ಸಂಯಮ ಎಲ್ಲಿಂದ ಬರಬೇಕು?

ಚಿಲ್ಲರೆಯ ಲೆಕ್ಕ

ಪ್ರೋಗ್ರಾಮಿಂಗ್ ಬೇರೆ, ಕಂಪ್ಯೂಟರ್ ವಿಜ್ಞಾನ ಬೇರೆ. ಮೊದಲನೆಯದು ಕೆಲಸ ಹೇಳುವ ಭಾಷೆ. ಎರಡನೆಯದು ಆ ಕೆಲಸವನ್ನು ಯಾವ ಉಪಾಯದಿಂದ ಮಾಡಿದರೆ ಬೇಗ ಆದೀತು ಎಂಬ ವಿಚಾರ. ಸಂಘದ 1,000 ಸದಸ್ಯರ ಪಟ್ಟಿ ಅಕಾರಾದಿಯಾಗಿದೆಯೆನ್ನಿ. ಒಂದು ಹೆಸರು ಹುಡುಕಲು ಮೊದಲಿನಿಂದ ಓದುತ್ತಾ ಹೋದರೆ ಸಾವಿರ ಸಲ ನೋಡಬೇಕಾದೀತು. ನಡುವಿನಿಂದ ತೆರೆದು, ಹೆಸರು ಮುಂದಿದೆಯೋ ಹಿಂದಿದೆಯೋ ನೋಡಿ, ಪ್ರತಿ ಬಾರಿ ಅರ್ಧ ಪಟ್ಟಿಯನ್ನು ಬಿಡುತ್ತಾ ಹೋದರೆ ಹೆಚ್ಚೆಂದರೆ ಹತ್ತು ಸಲ. ಹತ್ತು ಲಕ್ಷ ಹೆಸರಿದ್ದರೂ ಇಪ್ಪತ್ತೇ ಸಲ! ಸಾವಿರದಿಂದ ಹತ್ತು ಲಕ್ಷಕ್ಕೆ ಹೋದಾಗ ಕೆಲಸ ಸಾವಿರ ಪಟ್ಟು ಏರದೆ ಎರಡೇ ಪಟ್ಟಾಯಿತು. ಮೊದಲ ಬಾರಿ ಇದು ಹೊಳೆದಾಗ ಮಗುವಿನ ಮುಖ ನೋಡಬೇಕು.

ಹೋಟೆಲಿನ ಕೌಂಟರಿನಲ್ಲೂ ಇಂತಹ ಉಪಾಯಗಳಿವೆ. 88 ರೂಪಾಯಿ ಚಿಲ್ಲರೆ ಮರಳಿಸಬೇಕಾದರೆ ನಮ್ಮ ಕ್ಯಾಶಿಯರ್ ಯೋಚಿಸದೆ ದೊಡ್ಡದರಿಂದ ಆರಂಭಿಸುತ್ತಾರೆ. ಐವತ್ತು, ಇಪ್ಪತ್ತು, ಹತ್ತು, ಐದು, ಎರಡು, ಒಂದು. ಆರರಲ್ಲಿ ಮುಗಿಯಿತು. ಇದಕ್ಕಿಂತ ಕಡಿಮೆ ನೋಟು–ನಾಣ್ಯಗಳಲ್ಲಿ ಸಾಧ್ಯವಿಲ್ಲ. ಇದನ್ನು ಪುಸ್ತಕದಲ್ಲಿ ‘ಗ್ರೀಡಿ’ ಅಂದರೆ ದುರಾಸೆಯ ಉಪಾಯ ಎನ್ನುತ್ತಾರೆ. ಆದರೆ ಒಂದು, ಮೂರು, ನಾಲ್ಕು ರೂಪಾಯಿಯ ನಾಣ್ಯಗಳು ಮಾತ್ರ ಇರುವ ದೇಶದಲ್ಲಿ ಆರು ರೂಪಾಯಿ ಕೊಡಬೇಕಾದರೆ? ದುರಾಸೆಯವನು ನಾಲ್ಕು, ಒಂದು, ಒಂದು ಎಂದು ಮೂರು ನಾಣ್ಯ ಕೊಡುತ್ತಾನೆ. ಮೂರು ಮತ್ತು ಮೂರು ಕೊಟ್ಟರೆ ಎರಡರಲ್ಲೇ ಮುಗಿಯುತ್ತಿತ್ತು. ಉಪಾಯ ಎಲ್ಲಿ ಸರಿ, ಎಲ್ಲಿ ಸೋಲುತ್ತದೆ ಎಂದು ತಿಳಿಯುವುದೇ ಈ ಶಾಸ್ತ್ರದ ಆರಂಭ. ಆದ್ದರಿಂದ, ಮಗನ ಓದಿನಲ್ಲಿ ತಮಗೇನು ಗೊತ್ತಾಗುತ್ತದೆ ಎಂದು ಕೈಚೆಲ್ಲುವ ತಂದೆಯಂದಿರು ಒಂದು ಕೆಲಸ ಮಾಡಬಹುದು. ರಾತ್ರಿ ಊಟಕ್ಕೆ ಕುಳಿತಾಗ ಇಂದು ಬರೆದ ಪ್ರೋಗ್ರಾಮ್ ಏನು ಮಾಡುತ್ತದೆ ಎಂದು ಕೇಳಿ. ಬಿಲ್ಲಿನ ಪ್ರೋಗ್ರಾಮ್ ಎಂದರೆ, ‘ಗಿರಾಕಿ ಏನೂ ತೆಗೆದುಕೊಳ್ಳದೆ ಹೋದರೆ ನಿನ್ನದು ಎಷ್ಟು ತೋರಿಸುತ್ತದೆ ಮಗಾ? ಕೊಟ್ಟ ಹಣ ಬಿಲ್ಲಿಗಿಂತ ಕಡಿಮೆಯಿದ್ದರೆ?’ ಎಂದು ಕೇಳಿ. ಇದೇ ರೀತಿಯ ಪ್ರಶ್ನೆ ಕೇಳಲು ದೊಡ್ಡ ಕಂಪೆನಿಗಳಲ್ಲಿ ಟೆಸ್ಟಿಂಗ್ ವಿಭಾಗಗಳಿರುತ್ತವೆ.

ಇಂಗ್ಲಿಷಿನ ಅಂಜಿಕೆ

ಕನ್ನಡ ಮಾಧ್ಯಮದಲ್ಲೋ ಮಹಾನಗರಪಾಲಿಕೆಯ ಶಾಲೆಯಲ್ಲೋ ಓದಿ ಬಂದವರಿಗೆ ಇಂಗ್ಲಿಷಿನ ಭಯ ಬೇರೆ. 1989ರ ಮಾನದಂಡದ ಸಿ ಭಾಷೆಯಲ್ಲಿ ಕಾಯ್ದಿರಿಸಿದ ಪದಗಳು 32 ಮಾತ್ರ. ಇಫ್, ಎಲ್ಸ್, ವೈಲ್, ರಿಟರ್ನ್ ಮುಂತಾದವು. ಅವುಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಕಷ್ಟವಾಗುವುದು ಪ್ರಶ್ನೆಪತ್ರಿಕೆಯ ಉದ್ದುದ್ದ ವಾಕ್ಯಗಳು, ಪಠ್ಯಪುಸ್ತಕ, ಕಂಪೈಲರಿನ ದೂರುಗಳು. ಇಲ್ಲಿ ನೆರವಾಗುವ ಒಂದು ಸಾಧನ ನಮ್ಮ ಪೊವಾಯಿಯಲ್ಲೇ ತಯಾರಾಗಿದೆ. ಐಐಟಿ ಬಾಂಬೆಯ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಸುಮಾರು ಹತ್ತು ಹತ್ತು ನಿಮಿಷಗಳ ಪಾಠಗಳಿವೆ. ಪರದೆಯ ಮೇಲೆ ಪ್ರೋಗ್ರಾಮ್ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆಯ ಧ್ವನಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಕೇಳುತ್ತದೆ. ನೋಡಿದ್ದನ್ನು ಪಕ್ಕದಲ್ಲೇ ತಾನೂ ಬರೆದು ನಡೆಸುತ್ತಾ ಹೋಗಬೇಕೆಂಬುದು ಅದರ ಕ್ರಮ. ಶುಲ್ಕವಿಲ್ಲ.

ಹಣದ ವಿಚಾರವಾಗಿ ಎರಡು ಮಾತು. ಮೊದಲ ವರ್ಷಕ್ಕೆ ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲೂ ಸಿ ಮತ್ತು ಪೈಥಾನ್ ಚೆನ್ನಾಗಿ ನಡೆಯುತ್ತವೆ. ಅವುಗಳ ತಂತ್ರಾಂಶ ಉಚಿತ. ಇನ್ನು ಸೆಮಿಸ್ಟರ್ ಆರಂಭವಾಗುವ ಮೊದಲೇ ಖಾಸಗಿ ಕ್ಲಾಸಿಗೆ ಹಣ ಕಟ್ಟುವುದು ಅನವಶ್ಯಕ. ಅನೇಕ ಕ್ಲಾಸುಗಳಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅದರಿಂದ ಪಾಸಾಗಬಹುದು. ಎರಡನೆಯ ವರ್ಷ ಡೇಟಾ ಸ್ಟ್ರಕ್ಚರ್ ಬಂದಾಗ ಬುನಾದಿಯಿಲ್ಲದ ಗೋಡೆ ಬೀಳುತ್ತದೆ. ಪ್ರವೇಶದ ನಿಯಮಗಳು ವರ್ಷವರ್ಷಕ್ಕೂ ಬದಲಾಗುತ್ತಿರುವುದರಿಂದ, ಉದಾಹರಣೆಗೆ 2024ರಿಂದ ರಾಜ್ಯದಲ್ಲಿ ಬಿಸಿಎಗೂ ಸಿಇಟಿ ಬಂದಿರುವುದರಿಂದ, ಪರಿಚಿತರ ಮಾತಿನ ಮೇಲೆ ಹೋಗದೆ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನೋಡುವುದು ಒಳಿತು.

ದುಡಿಯುತ್ತಾ ಓದುವವರಿಗೆ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಅಂಥವರಿಗೆ ಕಂಪ್ಯೂಟರ್ ಪದವಿಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 2020ರಲ್ಲಿ ಐಐಟಿ ಮದ್ರಾಸ್ ಆರಂಭಿಸಿದ ಆನ್‌ಲೈನ್ ಪದವಿ ಇದನ್ನು ಸ್ವಲ್ಪಮಟ್ಟಿಗೆ ತೆರೆದಿದೆ. ಜೆಇಇ ಬೇಕಿಲ್ಲ. ಹತ್ತನೆಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿ, ಹನ್ನೆರಡನೆಯ ತರಗತಿಯನ್ನು ಯಾವ ವಿಭಾಗದಲ್ಲಿ ಪಾಸಾಗಿದ್ದರೂ ಸರಿ. ವಯಸ್ಸಿನ ಮಿತಿಯಿಲ್ಲ. ನಾಲ್ಕು ವಾರ ಪಾಠ ಕೇಳಿ, ವಾರವಾರದ ಲೆಕ್ಕಗಳನ್ನು ಮಾಡಿ, ಅರ್ಹತಾ ಪರೀಕ್ಷೆ ಪಾಸಾದವರಿಗೆ ಪ್ರವೇಶ. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ನಗರದ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದಾಯ ಕಡಿಮೆಯಿರುವವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಅದರ ಮೊದಲ ಹಂತದಲ್ಲಿ ‘ಕಂಪ್ಯುಟೇಶನಲ್ ಥಿಂಕಿಂಗ್’ ಎಂಬ ವಿಷಯವಿದೆ. ಅದನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯೂ ಇಲ್ಲದೆ, ಅಂಗಡಿಯ ಬಿಲ್ಲುಗಳು ಮತ್ತು ವಿದ್ಯಾರ್ಥಿಗಳ ಅಂಕಗಳಿರುವ ಕಾರ್ಡುಗಳ ಕಂತೆಗಳನ್ನು ಒಂದೊಂದಾಗಿ ತಿರುವಿಹಾಕುತ್ತಾ ಕಲಿಸುತ್ತಾರೆ. ಬಿಲ್ಲಿನ ಕಂತೆಯಲ್ಲಿ ಅತಿ ಹೆಚ್ಚು ವ್ಯಾಪಾರ ಮಾಡಿದ ಗಿರಾಕಿ ಯಾರೆಂದು ಹುಡುಕುವುದು ನಮ್ಮವರಿಗೆ ಹೇಳಿಕೊಡಬೇಕಾದ ವಿದ್ಯೆಯೇ?

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳ ಬಗ್ಗೆ. ಪ್ರತಿ ಮಳೆಗಾಲದಲ್ಲಿ ಅವು ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ ನಡೆಸುತ್ತವೆ. ಅದು ಶ್ಲಾಘನೀಯ. ಆದರೆ ಅಲ್ಲಿ ವೇದಿಕೆ ಹತ್ತುವುದು ತೊಂಬತ್ತು ದಾಟಿದ ಮಕ್ಕಳು. ಕೆಟಿ ಬಿದ್ದವನು ಆ ಸಭೆಗೇ ಬರುವುದಿಲ್ಲ. ಐರೋಲಿ, ಪೊವಾಯಿ, ಅಂಧೇರಿಯ ಐಟಿ ಕಂಪೆನಿಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ನಮ್ಮವರು ಈಗ ಬಹಳಷ್ಟು ಮಂದಿ ಇದ್ದಾರೆ. ಸಂಘದ ವಾಚನಾಲಯದ ಒಂದು ಮೂಲೆ, ಮೂರು ನಾಲ್ಕು ಹಳೆಯ ಕಂಪ್ಯೂಟರುಗಳು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಇಷ್ಟಿದ್ದರೆ, ಮಗುವಿನ ಪಕ್ಕದಲ್ಲಿ ಕುಳಿತು ‘ತಪ್ಪು ಈ ಸಾಲಿನಲ್ಲಿಲ್ಲ, ಮೇಲಿನ ಸಾಲು ನೋಡು’ ಎಂದು ಹೇಳುವವರು ಸಿಕ್ಕಾರು. ಕಾಲೇಜುಗಳಲ್ಲಿ ತರಗತಿಗಳು ಜುಲೈ, ಆಗಸ್ಟಿನಲ್ಲಿ ಆರಂಭವಾಗುತ್ತವೆ. ಸಮ ಚಿಹ್ನೆಯ ಪಾಠ ಮೊದಲ ಎರಡು ವಾರದೊಳಗೆ ಬಂದುಬಿಡುತ್ತದೆ. ಗಣೇಶ ಚತುರ್ಥಿಯ ಹೊತ್ತಿಗೆ ಲೂಪು.